ಕೆಳಗಿನ ಅರ್ಧದ ಚಳಿಗಾಲ

ಮಾರ್ಚ್ 4, ಶನಿವಾರ

ಇವತ್ತು ನನ್ನ ಕತ್ತಿನಿಂದ ಅಳತೆ ಟೇಪನ್ನು ಇಳಿಸಿದರು. ಇಪ್ಪತ್ತಮೂರು ವರ್ಷ ಅಲ್ಲೇ ನೇತಾಡುತ್ತಿತ್ತು. ಈ ಸ್ವೆಟರ್ ಕಾರ್ಖಾನೆಯಿಂದ ಹೊರಗೆ ಹೋದ ಒಂದೊಂದು ತೋಳಿನ ಉದ್ದವನ್ನೂ ನೋಡಿ ಬಿಟ್ಟವನು ನಾನು. ಇನ್ನು ಮೇಲೆ ಅಳತೆ ನೋಡುವವನು ಮ್ಯಾನೇಜರನ ಬಾಮೈದ. ಆ ಮಹಾಶಯನಿಗೆ ಸ್ವೆಟರಿನ ಮುಂಭಾಗ ಯಾವುದು, ಬೆನ್ನು ಯಾವುದು ಎಂದು ಗೊತ್ತಾಗಬೇಕಾದರೆ ಯಾರಾದರೂ ಹಾಕಿಕೊಂಡು ತೋರಿಸಬೇಕು.

ನನಗೆ ಪಾರ್ಸೆಲ್ ಕೋಣೆ. ರಟ್ಟಿನ ಡಬ್ಬಗಳಿಗೆ ವಿಳಾಸ ಬರೆಯುವುದು, ಬಂದ ಕಾಗದಗಳನ್ನು ಫೈಲಿಗೆ ಹಾಕುವುದು.

ಹೇಳಿದ ರೀತಿಯಾದರೂ ಸರಿಯಿತ್ತೇ? ಹೆಣಿಗೆ ಹಾಲಿನ ನಟ್ಟನಡುವೆ ನಿಲ್ಲಿಸಿಕೊಂಡು ಹೇಳಿದ. ಮ್ಯಾನೇಜರ್ ಮಾತಿಗೆ ಮೊದಲು ಒಮ್ಮೆ ಕೆಮ್ಮುತ್ತಾನೆ, ಅದಕ್ಕೇ ಅವನಿಗೆ ಕೆಮ್ಮಪ್ಪ ಎಂದು ಹೆಸರು. ಅವನ ಮಾತಿಗಿಂತ ಕೆಮ್ಮಿನಲ್ಲೇ ಹೆಚ್ಚು ಅರ್ಥವಿರುತ್ತದೆ. ಕೆಮ್ಮಿ ಹೇಳಿದ, “ನಿಮಗೆ ಕಣ್ಣು ಮಂಜಾಗಿದೆ. ವಯಸ್ಸಾಯ್ತು ನೋಡಿ. ಕೂತು ಮಾಡೋ ಕೆಲಸ ಕೊಡ್ತೀನಿ.” ಹದಿನೆಂಟು ಹೆಂಗಸರು ಹದಿನೆಂಟು ಯಂತ್ರಗಳ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಹದಿನೆಂಟು ಬಾಯಿ, ಒಂದೂ ತೆರೆಯಲಿಲ್ಲ. ಅದರಲ್ಲಿ ಒಂದು ಬಾಯಿ ನನ್ನ ಸ್ವಂತ ತಂಗಿಯದು.

ಮನೆಗೆ ಬಂದ ಮೇಲೆ ಅವಳು, “ಹೋಗಲಿ ಬಿಡಣ್ಣ, ಪಾರ್ಸೆಲ್ ಕೋಣೇಲಿ ಫ್ಯಾನ್ ಆದ್ರೂ ಇದೆ” ಅಂದಳು. ಫ್ಯಾನಿನ ಗಾಳಿಗೆ ಮಾನ ತಣ್ಣಗಾಗುತ್ತದೆ ಎಂದುಕೊಂಡಿದ್ದಾಳೆ ಪಾಪ.

ಮಾರ್ಚ್ 6, ಸೋಮವಾರ

ಆಹಾ! ನಗು ತಡೆಯಲಾಗದೆ ಪಾರ್ಸೆಲ್ ಕೋಣೆಯ ಬಾಗಿಲು ಹಾಕಿಕೊಂಡೆ.

ಫೈಲಿಗೆ ಹಾಕಲು ಒಂದು ಪತ್ರ ಬಂತು. ಸಾವಿರದ ಇನ್ನೂರು ದಪ್ಪ ಸ್ವೆಟರ್, ಶಾಲೆ ಮಕ್ಕಳಿಗೆ. ಇಷ್ಟು ದೊಡ್ಡ ಆರ್ಡರ್ ನಮಗೆ ಬಂದು ಮೂರು ವರ್ಷವಾಗಿತ್ತು. “ಚಳಿಗಾಲ ಶುರುವಾಗುವ ಮೊದಲು ನಮ್ಮ ಬಂದರು ತಲುಪಬೇಕು” ಎಂದು ಬರೆದಿದ್ದಾರೆ. ಅದರ ಮೇಲೆ ಕೆಮ್ಮಪ್ಪನ ಕೆಂಪು ಶಾಯಿ: “ಆತುರವಿಲ್ಲ. ನವೆಂಬರ್.”

ಪತ್ರ ಬಂದಿರುವುದು ದಕ್ಷಿಣಾರ್ಧಗೋಳದಿಂದ. ಭೂಪಟದಲ್ಲಿ ಎಲ್ಲರಿಗಿಂತ ಕೆಳಗೆ ಕೂತಿರುವ ದೇಶ. ಅಲ್ಲಿ ಚಳಿಗಾಲ ಶುರುವಾಗುವುದು ಜೂನ್‌ನಲ್ಲಿ! ನವೆಂಬರ್‌ನಲ್ಲಿ ಅವರು ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ, ಆಗ ಇವನು ಹಡಗಿನ ತುಂಬ ಉಣ್ಣೆ ಕಳಿಸುತ್ತಾನಂತೆ. ಇಷ್ಟು ವರ್ಷವೂ ನಮ್ಮ ಸ್ವೆಟರುಗಳೆಲ್ಲ ಮೇಲಿನ ಅರ್ಧಕ್ಕೇ ಹೋದವು. ಚಳಿ ಎಂದರೆ ಡಿಸೆಂಬರ್ ಎಂಬುದು ಇಲ್ಲಿಯ ಗೋಡೆಗಳಿಗೂ ಬಾಯಿಪಾಠ. ಉಣ್ಣೆಯಲ್ಲೇ ಬದುಕು ಸವೆಸಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಐಸ್‌ಕ್ರೀಮ್ ಮಾರುವವನಾಗಿದ್ದರೂ ಒಂದು ಸಲ ಯೋಚಿಸುತ್ತಿದ್ದ.

ಕಾರಣ ಏನು ಮಹಾ ಗಹನವೇ? ಸೂರ್ಯ ನಮಗೆ ಹತ್ತಿರವಾದಾಗ ಅವರಿಗೆ ದೂರ, ಅವರಿಗೆ ಹತ್ತಿರವಾದಾಗ ನಮಗೆ ದೂರ. ಎಂಟನೇ ಕ್ಲಾಸಿನ ಪಾಠ. ನಾನು ಎರಡು ವರ್ಷ ಕಾಲೇಜಿಗೂ ಹೋದವನು.

ಲೆಕ್ಕ ಹಾಕಿ ನೋಡಿದೆ. ಹಡಗಿಗೆ ಆರು ವಾರ ಬೇಕು. ಏಪ್ರಿಲ್ 15ರ ಹಡಗು ತಪ್ಪಿದರೆ ಮುಗಿಯಿತು. ದಪ್ಪ ನೂಲಾದ್ದರಿಂದ ಒಂದು ಯಂತ್ರಕ್ಕೆ ದಿನಕ್ಕೆ ಎರಡೇ ಸ್ವೆಟರ್, ಹೆಚ್ಚು ಎಳೆದರೆ ಸೂಜಿ ಮುರಿಯುತ್ತದೆ. ಹದಿನೆಂಟು ಯಂತ್ರ, ಮೂವತ್ತಾರು ಸ್ವೆಟರ್. ನಾಳೆಯೇ ಶುರು ಮಾಡಿದರೆ ಸಾವಿರದ ಇನ್ನೂರು ಸರಿಯಾಗಿ ಮುಗಿಯುತ್ತದೆ.

ನಾಳೆ ಶುರು ಮಾಡುವುದಿಲ್ಲ. ಯಾಕೆಂದರೆ ಆತುರವಿಲ್ಲ, ನವೆಂಬರ್.

ನಾನು ಹೇಳಬೇಕೇ? ನಾನ್ಯಾಕೆ ಹೇಳಲಿ? ನನ್ನ ಕಣ್ಣು ಮಂಜು. ಪತ್ರವನ್ನು ಫೈಲಿಗೆ ಹಾಕಿದೆ.

ಮಾರ್ಚ್ 9, ಗುರುವಾರ

ಬಾಮೈದ ಇವತ್ತು ಟೇಪನ್ನು ತಲೆಕೆಳಗಾಗಿ ಹಿಡಿದು ಒಂದು ಗಂಟೆ ಅಳೆದ. ಒಂದೊಂದು ಟೋಪಿಯೂ ನೂರ ಹತ್ತು ಸೆಂಟಿಮೀಟರ್ ಬಂತಂತೆ. ಆ ಸುತ್ತಳತೆಯ ತಲೆ ಅವನ ಭಾವನದೊಂದೇ ಇದ್ದೀತು.

ಹಾಲಿನಲ್ಲಿ ಕೂಸುಗಳ ಟೋಪಿ ಹೆಣೆಸುತ್ತಿದ್ದಾರೆ, ಮಾಡಲು ಬೇರೆ ಕೆಲಸವಿಲ್ಲ. ಕಾಲರ್ ಜೋಡಿಸುವ ಕನ್ನಡಕದಕ್ಕ ಪಾರ್ಸೆಲ್ ಕೋಣೆಗೆ ಬಂದು, “ಅಣ್ಣ, ದೊಡ್ಡ ಆರ್ಡರ್ ಏನಾದ್ರೂ ಬಂದಿದ್ಯಾ? ನೀವು ಕಾಗದ ನೋಡ್ತೀರಲ್ಲ” ಎಂದು ಕೇಳಿದಳು. ಶನಿವಾರ ಇವಳ ನಾಲಿಗೆ ಎಲ್ಲಿ ಹೋಗಿತ್ತು? “ಮ್ಯಾನೇಜರನ್ನು ಕೇಳಿ” ಅಂದೆ. ಪೆಚ್ಚಾಗಿ ಹೋದಳು. ಹೋಗಲಿ.

ಮಾರ್ಚ್ 15, ಬುಧವಾರ

ಬಾಗಿಲಿಗೆ ನೋಟಿಸು ಹಚ್ಚಿದ್ದಾರೆ. ನಾಳೆಯಿಂದ ಹೆಣಿಗೆ ಹಾಲಿಗೆ ಬೀಗ, ಮತ್ತೆ ತೆಗೆಯುವುದು ಆಗಸ್ಟಿನಲ್ಲಿ. ಅಲ್ಲಿಯವರೆಗೆ ಹದಿನೆಂಟು ಜನವೂ ಸಂಬಳವಿಲ್ಲದೆ ಮನೆಯಲ್ಲಿರಬೇಕು. ಚಳಿಗಾಲದ ಆರ್ಡರಿಗೆ ಆಗಸ್ಟಿನಲ್ಲಿ ಶುರು ಮಾಡಿದರೂ ಬೇಕಾದಷ್ಟು ಸಮಯವಿದೆ ಎಂದು ಕೆಮ್ಮಪ್ಪ ವಿವರಿಸಿದ. ವಿವರಿಸುವ ಮೊದಲು ಎರಡು ಸಲ ಕೆಮ್ಮಿದ.

ತಂಗಿ ಸಂಜೆ ತನ್ನ ಚೀಲದಲ್ಲಿ ಕತ್ತರಿ, ಬಾಚಣಿಗೆ, ನೀರಿನ ಬಾಟಲಿ ಎಲ್ಲ ತುಂಬಿಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಅನ್ನಕ್ಕೇನೂ ತೊಂದರೆ ಇಲ್ಲ, ನಾನಿದ್ದೇನೆ. ಹಾಗೆ ಅಂದರೆ ಅವಳಿಗೆ ಸಿಟ್ಟು ಬರುತ್ತದೆ. “ನಾನು ಯಾರ ಮೇಲೂ ಭಾರ ಆಗಿ ಕೂರೋಳಲ್ಲ” ಎಂದು ಅಡುಗೆಮನೆಯಿಂದಲೇ ಹೇಳಿದಳು. ನಾನು ಏನೂ ಹೇಳಿರಲಿಲ್ಲ.

ಕೆಮ್ಮಪ್ಪ ಮುಗ್ಗರಿಸಲಿ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ. ಮೊದಲು ಅವನು ಮುಗ್ಗರಿಸಬೇಕು ಅಷ್ಟೆ.

ಮಾರ್ಚ್ 17, ಶುಕ್ರವಾರ

ಹಾಲಿನ ಬೀಗದ ಮುಂದೆ ಹಾದುಹೋದೆ. ಇಷ್ಟು ಸದ್ದಿಲ್ಲದ ಕಾರ್ಖಾನೆಯಲ್ಲಿ ನಿದ್ದೆ ಚೆನ್ನಾಗಿ ಬರಬೇಕು. ಬರಲಿಲ್ಲ.

ಮಾರ್ಚ್ 19, ಭಾನುವಾರ

ಬೆಳಿಗ್ಗೆಯಿಂದ ತಂಗಿ ನೆಲಕ್ಕೆ ಕೂತು ಹಳೆ ಉಣ್ಣೆ ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಬೀದಿ ಬೀದಿ ತಿರುಗಿ ಕಾಲುಚೀಲ ಮಾರುತ್ತಾಳಂತೆ. ಈ ಸೆಕೆಯಲ್ಲಿ ಉಣ್ಣೆಯ ಕಾಲುಚೀಲ! “ಯಾರೇ ತಗೋತಾರೆ?” ಅಂದೆ. “ತಗೊಳ್ಳದಿದ್ರೆ ಬೇಡ, ಕೈ ಸುಮ್ನೆ ಇರಲ್ಲ” ಅಂದಳು. ಹೇಳುವಾಗ ತಲೆ ಎತ್ತಲಿಲ್ಲ.

ಅವಳ ಆ ತಗ್ಗಿದ ತಲೆ ನೋಡಿ ನನಗೆ ರೇಗಿತು. ರೇಗಿ ಬಾಯಿ ತಪ್ಪಿತು. “ಆ ದೊಡ್ಡ ಆರ್ಡರ್ ಜೂನಿಗೆ ಬೇಕಾಗಿರೋದು ಕಣೇ, ಆ ಪೆದ್ದ ನವೆಂಬರ್ ಅಂತ ಕೂತಿದ್ದಾನೆ!”

ಉಂಡೆ ಕೆಳಗಿಟ್ಟಳು. “ನಿನಗೆ ಯಾವಾಗ ಗೊತ್ತಾಯ್ತು?”

“ನಿನ್ನೆ. ಫೈಲು ನೋಡುವಾಗ.”

ಯಾಕೆ ಹಾಗಂದೆನೋ. ಬಾಯಿಗೆ ಅದೇ ಬಂತು.

ಅವಳು ನಂಬಲಿಲ್ಲ. ದಿನವನ್ನಲ್ಲ, ಜೂನನ್ನು. ಜೂನಿನಲ್ಲಿ ಚಳಿ ಹೇಗೆ ಎಂದಳು. ಸೂರ್ಯ ಹತ್ತಿರ, ದೂರ, ಎಂದು ನಿಧಾನವಾಗಿ, ದಡ್ಡರಿಗೆ ಹೇಳುವ ಹಾಗೆ ಹೇಳಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇನ್ನು ಹೇಗೆ ಹೇಳುವುದು? ಅವಳು ಉಣ್ಣೆಯ ಉಂಡೆಯನ್ನು ಎತ್ತಿ ಅಡುಗೆಮನೆಯ ಬಲ್ಬಿನ ಹತ್ತಿರ ಹಿಡಿದಳು.

“ಇದು ಭೂಮಿನಾ?”

“ಹೂಂ.”

“ಹತ್ತಿರ ತಂದ್ರೆ ಪೂರ್ತಿ ಉಂಡೆ ಹತ್ತಿರ ಬರುತ್ತೆ. ದೂರ ಒಯ್ದ್ರೆ ಪೂರ್ತಿ ದೂರ ಹೋಗುತ್ತೆ. ಅರ್ಧಕ್ಕೆ ಸೆಕೆ, ಅರ್ಧಕ್ಕೆ ಚಳಿ ಎಲ್ಲಿಂದ ಬರುತ್ತೆ, ಅಣ್ಣ?”

ಉಂಡೆ ಕಿತ್ತುಕೊಂಡು ನಾನೇ ಹತ್ತಿರ ಒಯ್ದೆ, ದೂರ ತಂದೆ. ಪೂರ್ತಿ ಉಂಡೆಯೇ ಹೋಗಿ ಬಂತು.

“ಶಾಲೇಲಿ ಒಂದು ಗೋಳ ಇತ್ತಲ್ಲ, ಓರೆಯಾಗಿ ನಿಂತಿರ್ತಿತ್ತು. ಅದು ಯಾಕೆ ಓರೆ?” ಎಂದಳು. ನಾನು ಇಷ್ಟು ವರ್ಷ ಆ ಗೋಳದ ಸ್ಟ್ಯಾಂಡೇ ಸೊಟ್ಟಗಾಗಿದೆ ಎಂದು ತಿಳಿದಿದ್ದೆ. ಒಂದು ಸಲ ಮೇಷ್ಟ್ರಿಗೆ ಕಾಣದ ಹಾಗೆ ಬಗ್ಗಿಸಿ ನೆಟ್ಟಗೆ ಮಾಡಲೂ ನೋಡಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ.

ಉಂಡೆಗೆ ಹೆಣಿಗೆಯ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಬಲ್ಬಿನ ಸುತ್ತ ನಡೆದೆ. ನಡೆಯುತ್ತಾ ಕಡ್ಡಿಯ ತುದಿಯನ್ನು ಬಲ್ಬಿನ ಕಡೆಗೇ ತಿರುಗಿಸುತ್ತಿದ್ದೆ. “ಅದನ್ನ ಯಾಕೆ ತಿರುಗಿಸ್ತೀಯ? ತುದಿ ಆ ಕಿಟಕಿ ಕಡೆ ಇದ್ಯಾ? ಕಿಟಕಿ ಕಡೆಗೇ ಇರಲಿ. ಸುಮ್ನೆ ಸುತ್ತು” ಅಂದಳು. ಸುತ್ತಿದೆ. ಒಲೆಯ ಬಳಿ ನಿಂತಾಗ ಉಂಡೆಯ ಮೇಲಿನ ಅರ್ಧ ಬಲ್ಬಿನ ಕಡೆ ಬಾಗಿತ್ತು. ಕಿಟಕಿಯ ಬಳಿ ಬಂದಾಗ, ಕಡ್ಡಿಯನ್ನು ಕೂದಲೆಳೆಯಷ್ಟೂ ಅಲ್ಲಾಡಿಸಿರಲಿಲ್ಲ, ಮೇಲಿನ ಅರ್ಧ ಬೆನ್ನು ತಿರುಗಿಸಿತ್ತು, ಕೆಳಗಿನ ಅರ್ಧ ಮುಖ ಒಡ್ಡಿತ್ತು. ಬಾಗಿದ ಕಡೆಗೆ ಬೆಳಕು ನೇರ ಬಿದ್ದು ಜೋರಾಗಿತ್ತು. ಬೆನ್ನು ತಿರುಗಿಸಿದ ಕಡೆ ಅದೇ ಬೆಳಕು ಜಾರಿ, ಹರಡಿ, ತೆಳ್ಳಗಾಗಿತ್ತು. ಕಡ್ಡಿ ಹಿಡಿದು ಉಂಡೆಯನ್ನು ಗಿರಗಿರ ತಿರುಗಿಸಿದರೆ ಬಾಗಿದ ಅರ್ಧಕ್ಕೆ ಹಗಲೂ ಉದ್ದ. ದೂರ ಹತ್ತಿರದ ಮಾತೇ ಇಲ್ಲ. ಅಷ್ಟೂ ಕರಾಮತ್ತು ಒಂದು ಓರೆಯದು.

“ನೋಡು, ಎಷ್ಟು ಸುಲಭ!” ಎಂದು ತಂಗಿ ಚಪ್ಪಾಳೆ ತಟ್ಟಿದಳು. ಹತ್ತು ದಿನಗಳಲ್ಲಿ ಅವಳು ನಕ್ಕಿದ್ದು ಇವತ್ತೇ. ನನಗಂತೂ ನಗಲು ಏನೂ ಕಾಣಲಿಲ್ಲ.

ಮಾರ್ಚ್ 20, ಸೋಮವಾರ

ತಂಗಿಯೇ ಎಳೆದುಕೊಂಡು ಹೋದಳು, ನೇರ ಯಜಮಾನಿಯವರ ಮನೆಗೆ. ಕಾರ್ಖಾನೆಯ ಒಡತಿ ಆಕೆ. ಎಪ್ಪತ್ತು ದಾಟಿದ್ದಾರೆ, ವಾರಕ್ಕೊಮ್ಮೆ ಮಾತ್ರ ಬಂದು ಹೋಗುತ್ತಾರೆ. ಕೆಮ್ಮಪ್ಪನನ್ನೂ ಕರೆಸಿದರು.

ಕೆಮ್ಮಪ್ಪ ಕೆಮ್ಮಿ, ನಕ್ಕು, ಹೇಳಿದ: “ಅಮ್ಮಾ, ಭೂಮಿ ಸೂರ್ಯನಿಂದ ದೂರ ಹೋದಾಗ ಚಳಿಗಾಲ. ಎಲ್ರಿಗೂ ಇರೋದು ಒಂದೇ ಭೂಮಿ, ಒಂದೇ ಚಳಿ. ಇವರಿಗೆ ಪಾರ್ಸೆಲ್ ಕೋಣೇಲಿ ಹೊತ್ತು ಹೋಗ್ತಿಲ್ಲ ಅಂತ ಕಾಣುತ್ತೆ.”

ಕೇಳಿ ಮೈ ಉರಿಯಿತು. ಉರಿಯ ನಡುವೆಯೇ ಒಂದು ಕಿರಿಕಿರಿ: ಅವನ ತಪ್ಪು ನನ್ನ ತಪ್ಪಿಗಿಂತ ಒಪ್ಪವಾಗಿತ್ತು. ನನ್ನದೇ ಪಾಠವನ್ನು ಅವನು ಕೊನೆಯವರೆಗೆ ಸರಿಯಾಗಿ ಓದಿದ್ದ.

ತಂಗಿ ಚೀಲದಿಂದ ಉಂಡೆ ತೆಗೆದು ಯಜಮಾನಿಯವರ ಮೇಜಿನ ದೀಪದ ಸುತ್ತ ಒಂದು ಸುತ್ತು ಹಾಕಿದಳು. ಯಜಮಾನಿ ಕನ್ನಡಕ ಏರಿಸಿ ನೋಡಿದರು, ಇನ್ನೊಂದು ಸುತ್ತು ಹಾಕಿಸಿದರು. ಆಮೇಲೆ ಆ ದೇಶಕ್ಕೆ ಫೋನ್ ಹಚ್ಚಿಸಿ, “ನಿಮ್ಮಲ್ಲಿ ಚಳಿ ಯಾವಾಗ ಶುರು?” ಎಂದು ಕೇಳಿದರು. ಆ ಕಡೆಯಿಂದ ಏನು ಹೇಳಿದರೋ, ಕೆಮ್ಮಪ್ಪನ ಕಡೆ ತಿರುಗಿ, “ಇವತ್ತೇ ಬೀಗ ತೆಗೀರಿ” ಎಂದರು. ಕೆಮ್ಮಪ್ಪನಿಗೆ ಕೆಮ್ಮೂ ಬರಲಿಲ್ಲ. ಎಷ್ಟು ದಿನ ಕಾದ ಗಳಿಗೆ! ಇನ್ನೂ ರುಚಿಯಾಗಿರಬೇಕಿತ್ತು.

“ಭೇಷ್! ಗೊತ್ತಾದ ಎರಡೇ ದಿನಕ್ಕೆ ಬಂದು ಹೇಳಿದ್ರಲ್ಲ” ಎಂದು ಯಜಮಾನಿ ನನಗೆ ಹೇಳಿದರು. ತಂಗಿ ನನ್ನನ್ನು ನೋಡಿ ಬೀಗಿದಳು. ನಾನು ಮೇಜಿನ ದೀಪ ನೋಡಿದೆ.

ಏಪ್ರಿಲ್ 2, ಭಾನುವಾರ

ಭಾನುವಾರವೂ ಕೆಲಸ. ಇವತ್ತು ನಾಲ್ಕು ಸೂಜಿ ಮುರಿದವು, ನಾಲ್ಕು ಯಂತ್ರ ನಿಂತವು. ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾರೆ. ಅವಸರ ಮಾಡಿ ಎನ್ನಲು ಬಾಮೈದ ಅತ್ತಿಂದಿತ್ತ ಓಡಾಡುತ್ತಾನೆ, ಅವಸರ ಯಾರಿಂದ ಬಂತು ಎಂದು ಅವನಿಗೇನು ಗೊತ್ತು.

ಏಪ್ರಿಲ್ 14, ಶುಕ್ರವಾರ

ಡಬ್ಬಗಳು ಹೋದವು. ಎಂಟುನೂರೇ ಸ್ವೆಟರ್. ನಾನೇ ವಿಳಾಸ ಬರೆದೆ. ಇಷ್ಟೇ.

ಮೇ 8, ಸೋಮವಾರ

ಆ ದೇಶದವರ ಉತ್ತರ ಬಂತು. ಎಂಟುನೂರನ್ನು ತೆಗೆದುಕೊಳ್ಳುತ್ತಾರಂತೆ. ಉಳಿದ ನಾನೂರಕ್ಕೆ ಬೇರೆ ಕಾರ್ಖಾನೆಯನ್ನು ಹಿಡಿದಿದ್ದಾರೆ, ಮುಂದಿನ ವರ್ಷಗಳಿಗೂ ಹಾಗೇ ಇರಲಿ ಎಂದಿದ್ದಾರೆ. ಎಂಟುನೂರಕ್ಕೆ ಹನ್ನೆರಡು ಯಂತ್ರ ಸಾಕು. ಆರು ಜನರನ್ನು ಕೆಲಸದಿಂದ ಬಿಡಿಸಿದರು. ತಂಗಿಯ ಹೆಸರು ಅದರಲ್ಲಿಲ್ಲ. ಕನ್ನಡಕದಕ್ಕನದು ಇದೆ.

ಅದೇ ಹೊತ್ತಿಗೆ ಯಜಮಾನಿ ಎಲ್ಲರ ಮುಂದೆ ನನ್ನ ಕತ್ತಿಗೆ ಟೇಪು ಹಾಕಿದರು. ಕೆಮ್ಮಪ್ಪನಿಗೆ ಪಾರ್ಸೆಲ್ ಕೋಣೆ. ಹೆಂಗಸರು ಚಪ್ಪಾಳೆ ತಟ್ಟಿದರು, ಹೋಗಬೇಕಾದ ಆರು ಜನವೂ ತಟ್ಟಿದರು. ಎಂಥ ಬುದ್ಧಿಗೇಡಿ ಜನ! ತಮ್ಮ ಅನ್ನ ಹೋದ ದಿನ ಚಪ್ಪಾಳೆ ತಟ್ಟುತ್ತಾರೆ.

ಬಾಗಿಲ ಬಳಿ ಕನ್ನಡಕದಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. “ನೀವು ಹೇಳದಿದ್ರೆ ಹದಿನೆಂಟು ಜನಾನೂ ಬೀದಿಗೆ ಬೀಳ್ತಿದ್ವಿ ಅಣ್ಣ. ಹನ್ನೆರಡು ಮನೆ ಉಳಿಸಿದ್ರಿ.” ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನಾನು ಕೈ ಬಿಡಿಸಿಕೊಂಡು ಟೇಪು ಸರಿಮಾಡಿಕೊಂಡೆ. ಕತ್ತಿಗೆ ಚುಚ್ಚುತ್ತಿತ್ತು, ಹೊಸದು ಅಂತ ಕಾಣುತ್ತದೆ.

ಮೇ 9, ಮಂಗಳವಾರ

ಸಂಜೆ ತಂಗಿ ಪಕ್ಕದ ಮನೆಯಾಕೆಗೆ ಕಥೆ ಹೇಳುತ್ತಿದ್ದಳು. “ನಮ್ಮಣ್ಣ ಶನಿವಾರ ಕಾಗದ ನೋಡಿದ, ಭಾನುವಾರ ಹೇಳಿದ, ಸೋಮವಾರ ಬೀಗ ತೆಗೆಸಿದ!” ಆರನೆಯ ಸಲ ಹೇಳುತ್ತಿದ್ದಾಳೆ. ಪಕ್ಕದ ಮನೆಯಾಕೆ ಹೋದ ಮೇಲೆ ನಾನು, “ಶನಿವಾರ ಅಲ್ಲ” ಅಂದೆ.

“ಮತ್ತೆ?”

“ಮಾರ್ಚ್ ಆರು.”

ಅವಳು ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ಒದ್ದೆ ಬೆರಳುಗಳಲ್ಲಿ ಎಣಿಸಿದಳು, ಭಾನುವಾರ ಬಿಟ್ಟು.

“ಏಳರಿಂದ ಇಪ್ಪತ್ತರವರೆಗೆ. ಹನ್ನೆರಡು ದಿನ. ದಿನಕ್ಕೆ ಮೂವತ್ತಾರು.” ಸ್ವಲ್ಪ ಹೊತ್ತು ತುಟಿ ಅಲ್ಲಾಡಿತು. “ನಾನೂರ ಮೂವತ್ತೆರಡು. ಕಮ್ಮಿ ಬಿದ್ದಿದ್ದು ನಾನೂರು.”

ನಾನು ಇಷ್ಟು ದಿನ ಆ ಲೆಕ್ಕ ಮಾಡಿರಲಿಲ್ಲ. ಸುಳ್ಳು. ಮಾಡಿದ್ದೆ. ಇಲ್ಲಿ ಬರೆದಿರಲಿಲ್ಲ.

“ಅವತ್ತು ನಾವ್ಯಾರೂ ಬಾಯಿ ಬಿಡಲಿಲ್ಲ ಅಂತಾನಾ?”

“ಹೌದು.”

ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ನನ್ನ ಹತ್ತಿರ ಮಾತುಗಳಿಗೇನು ಬರವೇ. “ನಿನಗೆ ಸಿಟ್ಟು ಬಂದಿದ್ದು ತಪ್ಪಲ್ಲ” ಎಂದಳು. “ಆದ್ರೆ ಆ ಆರು ಜನ ನಿನ್ನ ದೇವರು ಅಂದ್ಕೊಂಡು ಮನೆಗೆ ಹೋಗಿದ್ದಾರೆ. ಅದು ನನ್ನ ಕೈಲಿ ನೋಡಕ್ಕಾಗಲ್ಲ, ಅಣ್ಣ. ಹೋಗಿ ಹೇಳು.”

“ಎಲ್ರಿಗೂ?”

“ಎಲ್ರಿಗೂ.”

ಮೇ 10, ಬುಧವಾರ

ರಜೆ ಹಾಕಿ ಹೋದೆ. ಮೂರು ಮನೆ ಆಯಿತು.

ಮೊದಲನೆಯವಳು ಅರ್ಧ ಕೇಳುವಷ್ಟರಲ್ಲೇ ಬಾಗಿಲು ಹಾಕಿದಳು. ಉಳಿದರ್ಧವನ್ನು ಬಾಗಿಲಿಗೆ ಹೇಳಿ ಮುಗಿಸಿದೆ. ಒಳಗೆ ನಿಂತು ಕೇಳಿಸಿಕೊಂಡಳೋ ಏನೋ.

ಎರಡನೆಯವಳು ಪೂರ್ತಿ ಕೇಳಿದಳು. ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಷ್ಟು ಓದಿದೀಯ, ಇದಕ್ಕಾ ಓದಿದ್ದು? ಅವನ ಮೇಲಿನ ಕೋಪಕ್ಕೆ ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೆದ್ಯಲ್ಲೋ! ಆ ಕೆಮ್ಮಪ್ಪನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.” ಬೀದಿಯವರೆಲ್ಲ ಕೇಳಿದರು. ಒಂದೊಂದು ಮಾತೂ ಸರಿಯಾಗಿತ್ತು. ಈ ಎರಡು ತಿಂಗಳು ಈ ಪುಸ್ತಕದಲ್ಲಿ ನಾನು ಬೇರೆಯವರ ಮೇಲೆ ಸುರಿದ ಮಾತುಗಳಲ್ಲಿ ಇಷ್ಟು ಸರಿಯಾದದ್ದು ಒಂದೂ ಇಲ್ಲ.

ಮೂರನೆಯದು ಕನ್ನಡಕದಕ್ಕನ ಮನೆ. ಕುರ್ಚಿ ಹಾಕಿದಳು, ನೀರು ಕೊಟ್ಟಳು. ನಾನು ನಿಂತೇ ಹೇಳಿದೆ. ಮಾರ್ಚ್ ಆರು, ಫೈಲು, ಹನ್ನೆರಡು ದಿನ. ಅವಳು ಬಂದು ಕೇಳಿದ ದಿನವೂ ನನಗೆ ಗೊತ್ತಿತ್ತು ಎಂದು ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

“ಅವತ್ತು ಅವನು ಎಲ್ಲರ ಮುಂದೆ ನಿಮಗೆ ಹಾಗೆ ಅಂದಾಗ, ನಾನಾದ್ರೂ ಎದ್ದು ಒಂದು ಮಾತು ಆಡಬೇಕಿತ್ತು” ಅಂದಳು. “ಹೆದರ್ಕೊಂಡು ಸುಮ್ನೆ ಕೂತೆ. ತಪ್ಪಾಯ್ತು ಅಣ್ಣ.”

ಅವಳು ನನ್ನ ಹತ್ತಿರ ಕ್ಷಮೆ ಕೇಳಿದಳು. ಕೆಲಸ ಕಳೆದುಕೊಂಡವಳು, ಕಳೆದವನ ಹತ್ತಿರ. ಬಾಗಿಲು ಹಾಕಿದ್ದನ್ನು ತಡೆದುಕೊಂಡಿದ್ದೆ, ಬೈಗುಳವನ್ನೂ ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ. ಐವತ್ತೊಂದು ವರ್ಷದ ಗಂಡಸು ಅವಳ ಕುರ್ಚಿಯಲ್ಲಿ ಕೂತು ಅತ್ತೆ. ಅವಳು ಇನ್ನೊಂದು ಲೋಟ ನೀರು ತಂದಳು.

ಯಜಮಾನಿಯವರಿಗೂ ಹೇಳಬೇಕು. ಹೇಳಿದ ಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ. ಅದು ಕೊನೆಗೆ.

ನಾಳೆ ಇನ್ನೂ ಮೂರು ಮನೆ.